ಸಹಾಯ ಬೇಕು: ಹುಷಾರಾದ ಮೇಲೆ ತಮ್ಮ ಮಾತ್ರೆ ಬೇಡ ಅಂತಿದ್ದಾನೆ

ನಮಸ್ಕಾರ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಕಿವಿಯಲ್ಲಿ ಯಾರೋ ಬೈತಾರೆ, ಫೋನ್ ಕದ್ದು ಕೇಳ್ತಾರೆ ಅಂತ ಶುರುವಾದ ಕೂಡಲೇ ಮನೋವೈದ್ಯರ ಹತ್ರ ಕರ್ಕೊಂಡು ಹೋದ್ವಿ. ರಿಸ್ಪೆರಿಡೋನ್ ಅನ್ನೋ ಮಾತ್ರೆ ತಗೊಂಡು ಕೆಲವು ವಾರಗಳಲ್ಲೇ ಧ್ವನಿಗಳು ಕಡಿಮೆಯಾದ್ವು. ನಿದ್ದೆ ಸರಿಹೋಯ್ತು, ಕೆಲಸಕ್ಕೂ ವಾಪಸ್ ಹೋದ. ಬೇಗ ಚಿಕಿತ್ಸೆ ಸಿಕ್ಕಿದ್ದು ದೊಡ್ಡ ಪುಣ್ಯ ಅಂತಲೇ ನನಗನಿಸುತ್ತೆ.

ಈಗ "ನಾನು ಚೆನ್ನಾಗಿದ್ದೀನಲ್ಲ, ಇನ್ನು ಮಾತ್ರೆ ಯಾಕೆ?" ಅಂತಾನೆ. ತೂಕ ಏರಿದೆ, ಬೆಳಗ್ಗೆ ಮಂಪರು ಬಿಡಲ್ಲ. ಅವನ ಸಂಕಟ ಸುಳ್ಳೇನಲ್ಲ. ಆದರೆ ಮೊದಲ ಸಲ ಕಾಯಿಲೆ ಬಂದವರು ಗುಣ ಕಂಡಮೇಲೂ ಕನಿಷ್ಠ 1-2 ವರ್ಷ ಔಷಧಿ ಮುಂದುವರಿಸಬೇಕು, ನಡುವೆ ಬಿಟ್ಟರೆ ಮರುಕಳಿಸೋ ಸಾಧ್ಯತೆ ತುಂಬಾ ಜಾಸ್ತಿ ಅಂತಾರೆ ಡಾಕ್ಟರು. ಬಿಟ್ಟ ತಕ್ಷಣ ಏನೂ ಆಗದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಲಕ್ಷಣ ಮರಳಬಹುದಂತೆ. ಅದಕ್ಕೇ ಅವನಿಗೆ ನಂಬಿಕೆ ಬರ್ತಿಲ್ಲ.

ಡಾಕ್ಟರು ಡೋಸ್ ಸ್ವಲ್ಪ ಇಳಿಸಿ, ರಾತ್ರಿಗೆ ಬದಲಾಯಿಸಿದ್ರು. ಆದ್ರೂ ಒಂದಿನ ತಗೋತಾನೆ, ಒಂದಿನ ಇಲ್ಲ. ಊಟದಲ್ಲಿ ಕಲಸಿ ಕೊಡಿ ಅಂತ ಸಂಬಂಧಿಕರು ಹೇಳ್ತಾರೆ. ಅದು ಮಾತ್ರ ನಾನು ಮಾಡಲ್ಲ. ಊಟದಲ್ಲಿ ಏನೋ ಹಾಕ್ತಾರೆ ಅನ್ನೋ ಅನುಮಾನ ಬಂದ್ರೆ ನಮ್ಮ ಮೇಲಿನ ನಂಬಿಕೆಯೇ ಹೋಗುತ್ತೆ.

ಈಗ ಡಾಕ್ಟರು ದಿನದ ಮಾತ್ರೆ ಬದಲು ತಿಂಗಳಿಗೊಮ್ಮೆ ಕೊಡೋ ಪಾಲಿಪೆರಿಡೋನ್ ಇಂಜೆಕ್ಷನ್ ಸೂಚಿಸಿದ್ದಾರೆ. ಬಲವಂತ ಅನ್ನಿಸದ ಹಾಗೆ ಈ ವಿಷಯ ಅವನ ಮುಂದೆ ಹೇಗೆ ಎತ್ತಲಿ? ಮಾತ್ರೆಯಿಂದ ಇಂಜೆಕ್ಷನ್‌ಗೆ ಬದಲಾದವರು ಅಥವಾ ಅವರ ಮನೆಯವರು ಇದ್ದೀರಾ? ನಿಮಗೆ ಒಪ್ಪಿಗೆಯಾಗೋಕೆ ಯಾವ ಮಾತು ನೆರವಾಯ್ತು?