ಬ್ರಿಟನ್ನಿನ ಯಂಗ್ ಲಿಬರಲ್ಸ್: ಗಲಾಟೆ ಮಾತ್ರವೇ, ಫಲವೂ ಇತ್ತೇ?

ಪ್ರಶ್ನೆ: ಯಂಗ್ ಲಿಬರಲ್ಸ್ ಅಂದರೆ ಬ್ರಿಟನ್ನಿನ ಲಿಬರಲ್ ಪಕ್ಷದ ಯುವ ಘಟಕ. 1966ರ ಬ್ರೈಟನ್ ಪಕ್ಷ ಸಮಾವೇಶದ ಹೊತ್ತಿಗೆ ಪತ್ರಿಕೆಗಳು ಇವರನ್ನು 'ರೆಡ್ ಗಾರ್ಡ್ಸ್' (ಮಾವೋನ ಚೀನಾದ ಉಗ್ರ ಯುವಪಡೆಯ ಹೆಸರು) ಅಂತ ಕರೆದವು. ಘೋಷಣೆ ಬಿಟ್ಟು ಇವರು ಸಾಧಿಸಿದ್ದೇನು?

ಉತ್ತರ 1: 1970ಕ್ಕೆ ನಿಗದಿಯಾಗಿದ್ದ ದಕ್ಷಿಣ ಆಫ್ರಿಕಾ ತಂಡದ ಕ್ರಿಕೆಟ್ ಪ್ರವಾಸವನ್ನೇ ನೋಡಿ; ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ ಇವರು ಅದನ್ನು ತಡೆಯಲು ಹೊರಟರು. 1969-70ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಬಂದಾಗ ಯಂಗ್ ಲಿಬರಲ್ ನಾಯಕ ಪೀಟರ್ ಹೇನ್ ಮುಂದಾಳತ್ವದ ಚಳವಳಿಗಾರರು ಮೈದಾನಕ್ಕೆ ನುಗ್ಗಿದರು, ಹೊಗೆಬಾಂಬ್ ಎಸೆದರು. ಒಬ್ಬನಂತೂ ಆಟಗಾರರ ಬಸ್ಸಿನ ಸ್ಟೀರಿಂಗ್‌ಗೇ ಸರಪಳಿ ಬಿಗಿದುಕೊಂಡ. ಆದರೂ ರಗ್ಬಿ ಪ್ರವಾಸ ನಿಲ್ಲಲಿಲ್ಲ. 80 ನಿಮಿಷದ ಆಟಕ್ಕೆ ಪೊಲೀಸರನ್ನು ಸಾಲಾಗಿ ನಿಲ್ಲಿಸಬಹುದು. ಐದು ದಿನದ ಟೆಸ್ಟ್‌ಗೆ, ಅದೂ ಪಿಚ್ ಕಾಯುತ್ತಾ, ಹೇಗೆ? ಲಾರ್ಡ್ಸ್‌ಗೆ ಮುಳ್ಳುತಂತಿ ಸುತ್ತಿದರು, ಆಮೇಲೆ 1970ರ ಮೇನಲ್ಲಿ ಗೃಹಸಚಿವ ಕ್ಯಾಲಹನ್ ಕೋರಿಕೆಯಂತೆ ಕ್ರಿಕೆಟ್ ಪ್ರವಾಸವೇ ರದ್ದು.

ಉತ್ತರ 2: ಅದು ಸುದ್ದಿಯಾಗಿದ್ದು. ನನ್ನ ಲೆಕ್ಕದಲ್ಲಿ ದೊಡ್ಡದು 1970ರ ಈಸ್ಟ್‌ಬೋರ್ನ್ ಸಮಾವೇಶದಲ್ಲಿ ಇವರು ಪಾಸು ಮಾಡಿಸಿದ 'ಕಮ್ಯುನಿಟಿ ಪಾಲಿಟಿಕ್ಸ್' ಠರಾವು. ಆ ವರ್ಷ ಪಕ್ಷಕ್ಕೆ ಉಳಿದದ್ದು ಬರೀ 6 ಸೀಟು. ಕೆಲಸ ಸರಳ: ಒಂದು ವಾರ್ಡ್ ಹಿಡಿ, ಒಡೆದ ಕಾಲುದಾರಿ, ಕೆಟ್ಟ ಬೀದಿದೀಪದ ದೂರು ಕೇಳು, 'ಫೋಕಸ್' ಕರಪತ್ರ ಮನೆಮನೆಗೆ ಹಾಕು, ಚುನಾವಣೆ ಮುಗಿದರೂ ನಿಲ್ಲಿಸಬೇಡ. ಲಿವರ್‌ಪೂಲ್‌ನಲ್ಲಿ 1973ಕ್ಕೆ ಲಿಬರಲ್ಲರೇ ಅತಿದೊಡ್ಡ ಪಕ್ಷ!

ಉತ್ತರ 3: ಎಡವಟ್ಟೂ ಅಲ್ಲೇ. ಜನ ತಾವೇ ಅಧಿಕಾರ ಬಳಸುವುದನ್ನು ಕಲಿಯಲಿ ಅನ್ನುವುದು ಮೂಲ ಆಶಯ; ಬರಬರುತ್ತಾ ಕರಪತ್ರವಷ್ಟೇ ಉಳಿಯಿತು. ಸಂಸತ್ತಿನಲ್ಲೂ ಕೈಗೆ ಹತ್ತಲಿಲ್ಲ: 1974ರ ಫೆಬ್ರವರಿಯಲ್ಲಿ ಸುಮಾರು 60 ಲಕ್ಷ ಮತ, 14 ಸೀಟು. ಹೇನ್ ಕೂಡ 1977ರಲ್ಲಿ ಲೇಬರ್ ಪಕ್ಷ ಸೇರಿದರು.