ಕಾದಂಬರಿಯ ಸಿನಿಮಾ ಹಕ್ಕು ಕೇಳುತ್ತಿದ್ದಾರೆ, ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ನನ್ನ ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆ ಎಂದು ನಿರ್ಮಾಪಕರೊಬ್ಬರು ಬಂದಿದ್ದಾರೆ. ಈಗ ಸ್ವಲ್ಪ ಹಣ, ಮುಂದೆ ಲಾಭದಲ್ಲಿ ಪಾಲು ಅಂತಾರೆ. ಚಿತ್ರಕಥೆಯನ್ನೂ ತೋರಿಸುತ್ತಾರಂತೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮೇಡಂ, ಆ ಲಾಭದ ಪಾಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ‘ಫಾರೆಸ್ಟ್ ಗಂಪ್’ ಬರೆದ ವಿನ್‌ಸ್ಟನ್ ಗ್ರೂಮ್‌ಗೆ 3,50,000 ಡಾಲರ್ ಜೊತೆಗೆ ನಿವ್ವಳ ಲಾಭದಲ್ಲಿ ಶೇ. 3 ಕೊಡುವ ಮಾತಾಗಿತ್ತು. 1994ರ ಆ ಸಿನಿಮಾ ಜಗತ್ತಿನಾದ್ಯಂತ 60 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಆದರೂ ಸ್ಟುಡಿಯೊ ಲೆಕ್ಕದಲ್ಲಿ ಅದು ನಷ್ಟದಲ್ಲೇ ಇತ್ತು! ಪ್ರಚಾರ, ಬಡ್ಡಿ, ವಿತರಣೆಯ ಕಮಿಷನ್ ಎಲ್ಲ ಕಳೆಯುತ್ತಾ ಹೋದರೆ ಏನು ಉಳಿಯುತ್ತೆ? ಲೆಕ್ಕ ಬರೆಯುವವರೂ ಅವರೇ. ಗ್ರೂಮ್ ಮುಂದಿನ ಕಾದಂಬರಿಯ ಶುರುವಿನಲ್ಲೇ, ನಿಮ್ಮ ಬದುಕಿನ ಕಥೆಯನ್ನು ಸಿನಿಮಾ ಮಾಡೋಕೆ ಯಾರಿಗೂ ಬಿಡಬೇಡಿ ಅಂತ ನಾಯಕನ ಬಾಯಲ್ಲೇ ಹೇಳಿಸಿದರು. ಪಾಲು ಬೇಕೇ ಬೇಕು ಅನ್ನಿಸಿದರೆ ಒಟ್ಟು ಗಳಿಕೆಯಲ್ಲಿ ಕೇಳಿ. ಕೊಡುವುದು ಅಪರೂಪ. ಹಾಗಾಗಿ ಸಹಿ ಹಾಕುವಾಗ ಕೈಗೆ ಬರುವುದಷ್ಟೇ ನಿಮ್ಮದು ಅಂದುಕೊಂಡು ಚೌಕಾಸಿ ಮಾಡಿ.

ಇನ್ನೊಬ್ಬರು: ನನಗೆ ಬಂದ ಕರಾರಿನಲ್ಲಿ ‘ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲಿತ್ತು. ಅದಕ್ಕೆ ಗೆರೆ ಎಳೆದೆ. ಮ್ಯಾನೇಜರ್ ನಕ್ಕು, ‘ಅದು ಸುಮ್ನೆ ಫಾರ್ಮ್ಯಾಟ್ ಮೇಡಂ’ ಅಂದರು. ಫಾರ್ಮ್ಯಾಟ್ ಆದರೆ ತೆಗೆದರೂ ನಡೆಯುತ್ತೆ ಅಲ್ವಾ ಅಂದೆ. ಕೆಲವು ದಿನ ಫೋನೇ ಇಲ್ಲ. ಆಮೇಲೆ ಆ ಸಾಲಿಲ್ಲದ ಪ್ರತಿ ಬಂತು. ಒಂದೇ ಸಿನಿಮಾ, ಒಂದೇ ಭಾಷೆ, ಇಂತಿಷ್ಟು ಅವಧಿ. ಅಷ್ಟರಲ್ಲಿ ಶೂಟಿಂಗ್ ಶುರುವಾಗದಿದ್ದರೆ ಹಕ್ಕು ವಾಪಸ್. ಸಿನಿಮಾ ಆಗಲೇ ಇಲ್ಲ, ಆದರೆ ಕಥೆ ನನ್ನ ಹತ್ತಿರವೇ ಉಳಿಯಿತು. ರೀಮೇಕ್, ಎರಡನೇ ಭಾಗ, ವೆಬ್ ಸರಣಿ ಇವಕ್ಕೆಲ್ಲ ಬೇರೆ ಬೇರೆ ದುಡ್ಡು ಕೇಳಿ.

ಚಿತ್ರಕಥೆ ಬರೆಯುವವನಾಗಿ: ‘ತೋರಿಸುತ್ತೇವೆ’ ಅಂದರೆ ತೋರಿಸುತ್ತಾರೆ, ಅಷ್ಟೇ. ನಿಮ್ಮ ಒಪ್ಪಿಗೆ ಬೇಕು ಅಂತ ಅದರ ಅರ್ಥ ಅಲ್ಲ. ನಿಜ ಹೇಳಬೇಕೆಂದರೆ ದೃಶ್ಯ ದೃಶ್ಯಕ್ಕೂ ಜಗಳ ಆಡೋದರಲ್ಲಿ ಅರ್ಥವಿಲ್ಲ. ಹೆಸರಿಗಾಗಿ ಆಡಿ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಶುರುವಿನಲ್ಲೋ ಕೊನೆಯಲ್ಲೋ, ‘ಆಧರಿಸಿದ್ದು’ ಎಂದೋ ‘ಸ್ಫೂರ್ತಿ’ ಎಂದೋ, ಎಲ್ಲ ಬರೆಸಿ. ಬೇಡ ಅನ್ನಿಸಿದರೆ ಹೆಸರು ತೆಗೆಸುವ ಹಕ್ಕನ್ನೂ ಸೇರಿಸಿ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿ ಗುರುತೇ ಸಿಗದ ಹಾಗೆ ಬದಲಾಗಿದೆ ಎಂದು ಕೋರ್ಟಿಗೆ ಹೋದರು. 1986ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಅದು ರಾಜಿಯಾಯಿತು. ಸಿನಿಮಾದಿಂದ ಅವರ ಹೆಸರನ್ನೂ ಕಾದಂಬರಿಯ ಹೆಸರನ್ನೂ ಕೈಬಿಟ್ಟರು.

ಕೇಳಿದವರು: ಇಷ್ಟೆಲ್ಲ ಕೇಳಿದರೆ ಬಿಟ್ಟು ಹೋಗಲ್ವಾ?

ಮೊದಲು ಬರೆದವರು: ಹೋಗಬಹುದು. ಅವಧಿ ಹಾಕೋಕೇ ಒಪ್ಪದವರು ಹೋದರೆ ಹೋಗಲಿ. ಅಂದ ಹಾಗೆ, ಪ್ರಕಾಶಕರ ಜೊತೆಗಿನ ನಿಮ್ಮ ಹಳೇ ಕರಾರನ್ನು ಇವತ್ತೇ ತೆಗೆದು ಓದಿ. ಸಿನಿಮಾ ಹಕ್ಕು ಅವರ ಹೆಸರಿಗೆ ಹೋಗಿದ್ದರೆ ನೀವು ಮೊದಲು ಮಾತಾಡಬೇಕಾದ್ದು ಅವರ ಹತ್ತಿರ.