ಐಸಿಯುಗೆ ಕಾಲಿಟ್ಟ ಫಾರ್ಮಸಿಸ್ಟ್: ರೆಸಿಡೆನ್ಸಿಯೋ, ಪರೀಕ್ಷೆಯೋ, ಕೋರ್ಸೋ?

ಮಾತ್ರೆಡಬ್ಬಿ ಕೇಳಿದ್ದು:

ಆರು ವರ್ಷ ಆಸ್ಪತ್ರೆಯ ಔಷಧ ವಿತರಣಾ ವಿಭಾಗದಲ್ಲಿದ್ದೆ. ಎರಡು ತಿಂಗಳ ಹಿಂದೆ ಐಸಿಯುಗೆ ಬಂದೆ, ನಾನೇ ಕೇಳಿಕೊಂಡು. ಚೀಟಿ ನೋಡಿ ಔಷಧ ಕೊಡುವುದರಲ್ಲಿ ನನ್ನ ಕೈ ಪಳಗಿದೆ. ಎದುರಿಗೆ ಮಲಗಿರುವ ರೋಗಿಯನ್ನು ನೋಡಿ ಔಷಧದ ಮಾತಾಡುವುದರಲ್ಲಿ ಪಳಗಿಲ್ಲ ಎಂಬುದು ಮೂರನೇ ದಿನವೇ ಗೊತ್ತಾಯಿತು.

ಆ ದಿನದ ರೌಂಡ್ಸ್‌ನಲ್ಲಿ ಫಿಟ್ಸ್ ಬಂದು ದಾಖಲಾಗಿದ್ದ ಒಬ್ಬ ರೋಗಿ. ಫಿಟ್ಸ್ ತಡೆಯುವ ಫೆನಿಟೋಯಿನ್ ನಡೆಯುತ್ತಿತ್ತು. ರಕ್ತದಲ್ಲಿ ಅದರ ಮಟ್ಟ 8 ಎಂದು ವರದಿ ಬಂದಿತ್ತು. ಇರಬೇಕಾದದ್ದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ಡಾಕ್ಟರ್ ನನ್ನ ಕಡೆ ತಿರುಗಿದರು. "ಕಡಿಮೆ ಇದೆ, ಡೋಸ್ ಏರಿಸಬಹುದು" ಎಂದೆ, ದೊಡ್ಡ ದನಿಯಲ್ಲಿ. ಹಾಸಿಗೆಯ ಆಚೆ ಬದಿಯಲ್ಲಿ ಸಿರಿಂಜ್ ಪಂಪ್ ಸರಿಮಾಡುತ್ತಿದ್ದ ಸಿಸ್ಟರ್ ತಲೆ ಎತ್ತದೆಯೇ "ಆಲ್ಬುಮಿನ್ 2 ಇದೆಯಲ್ಲ" ಎಂದರು. ಎಲ್ಲರೂ ಮುಂದಿನ ಹಾಸಿಗೆಗೆ ಹೋದರು. ನಾನು ಅಲ್ಲೇ ನಿಂತಿದ್ದೆ.

ಫೆನಿಟೋಯಿನ್ ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ, ಆಲ್ಬುಮಿನ್ ಕಡಿಮೆಯಿದ್ದರೆ ಅಂಟದೆ ಉಳಿದು ಕೆಲಸ ಮಾಡುವ ಪಾಲು ಹೆಚ್ಚಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ಸಂಜೆ ಕುಳಿತು ಸೂತ್ರ ಹಾಕಿದೆ: ಆಲ್ಬುಮಿನ್ ಅನ್ನು 0.2ರಿಂದ ಗುಣಿಸಿ 0.1 ಕೂಡಿಸಿ, ಬಂದದ್ದರಿಂದ 8ನ್ನು ಭಾಗಿಸಿದರೆ 16. ಡೋಸ್ ಸರಿಯಾಗಿಯೇ ಇತ್ತು. ನನ್ನ ಮಾತು ಕೇಳಿದ್ದರೆ ರೋಗಿಗೆ ವಿಷವಾಗುತ್ತಿತ್ತು.

ಈಗ ನನ್ನ ಮುಂದೆ ಮೂರು ದಾರಿಗಳಿವೆ. ಕೆಲಸ ಬಿಟ್ಟು, ಹಿರಿಯರ ಕೈಕೆಳಗೆ ಆಸ್ಪತ್ರೆಯಲ್ಲೇ ಕಲಿಯುವ ಪೂರ್ಣಾವಧಿ ರೆಸಿಡೆನ್ಸಿಗೆ ಸೇರುವುದು. ಅಮೆರಿಕದ ಬೋರ್ಡಿನ ಕ್ರಿಟಿಕಲ್ ಕೇರ್ (ತೀವ್ರ ನಿಗಾ) ಪರೀಕ್ಷೆಗೆ ಓದುವುದು. ವಾರಾಂತ್ಯದ ಆನ್‌ಲೈನ್ ಕೋರ್ಸ್‌ಗಳನ್ನು ಒಂದೊಂದಾಗಿ ಮುಗಿಸುವುದು. ಮನೆ ನಡೆಯುವುದು ನನ್ನ ಸಂಬಳದ ಮೇಲೆ, ಆದ್ದರಿಂದ ಮೊದಲನೆಯದು ಕಷ್ಟ, ಅಸಾಧ್ಯವಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಹೇಳಿ. "ಎಲ್ಲವೂ ಒಳ್ಳೆಯದೇ" ಎನ್ನುವ ಉತ್ತರ ಬೇಡ, ಅದನ್ನು ನಮ್ಮ ಮೇಲಧಿಕಾರಿ ಈಗಾಗಲೇ ಕೊಟ್ಟಿದ್ದಾರೆ.

ಹನಿಲೆಕ್ಕ:

ಹದಿನಾಲ್ಕು ವರ್ಷದಿಂದ ಐಸಿಯು ಫಾರ್ಮಸಿಸ್ಟ್ ಆಗಿದ್ದೇನೆ. ಮೊದಲು ನಿಮ್ಮ 16ರ ವಿಚಾರ ಮುಗಿಸೋಣ. ಆ ಸೂತ್ರವನ್ನೂ ಪೂರ್ತಿ ನಂಬಬೇಡಿ. ಐಸಿಯು ರೋಗಿಗಳಲ್ಲಿ ಅದು ಆಗಾಗ ಎಡವುತ್ತದೆ. ಮೂತ್ರಪಿಂಡ ಕೈಕೊಟ್ಟಿದ್ದರೆ ಲೆಕ್ಕವೇ ಬೇರೆ. ಜೊತೆಯಲ್ಲಿ ಫಿಟ್ಸ್‌ನ ಇನ್ನೊಂದು ಔಷಧ ವ್ಯಾಲ್ಪ್ರೋಯೇಟ್ ಇದ್ದರೆ ಅದು ಫೆನಿಟೋಯಿನ್ ಅನ್ನು ಆಲ್ಬುಮಿನ್‌ನಿಂದ ಕಿತ್ತು ಹೊರಹಾಕುತ್ತದೆ, ಆಗ ಸೂತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ನಿಮ್ಮ ಪ್ರಯೋಗಾಲಯ ಮುಕ್ತ, ಅಂದರೆ ಆಲ್ಬುಮಿನ್‌ಗೆ ಅಂಟದ ಫೆನಿಟೋಯಿನ್ ಅಳೆಯುತ್ತದೆಯೇ ಕೇಳಿ. 1ರಿಂದ 2 ಇದ್ದರೆ ನೆಮ್ಮದಿ. ಅಳೆಯುವುದಿಲ್ಲವಾದರೆ ರೋಗಿಯ ಕಣ್ಣು ನೋಡಿ, ಗುಡ್ಡೆ ಅದುರುತ್ತಿದೆಯೇ ಎಂದು, ಅದು ಔಷಧ ಹೆಚ್ಚಾದುದರ ಗುರುತು. ನೀವು ತಪ್ಪಿದ್ದು ಉತ್ತರದಲ್ಲಲ್ಲ. ಒಂದು ಸಂಖ್ಯೆ ಕಂಡ ಕೂಡಲೇ ಅದರ ಪಕ್ಕದ ಸಂಖ್ಯೆಯನ್ನು ಹುಡುಕದೆ ಬಾಯಿ ತೆರೆದಿರಿ.

ಇನ್ನು ಮೂರು ದಾರಿ. ಸಾಧ್ಯವಿದ್ದರೆ ರೆಸಿಡೆನ್ಸಿಯೇ ಉತ್ತಮ. ಅಮೆರಿಕದ ಪದ್ಧತಿಯಲ್ಲಿ ಮೊದಲ ವರ್ಷ ಎಲ್ಲ ವಿಭಾಗಗಳು, ಎರಡನೇ ವರ್ಷ ಕ್ರಿಟಿಕಲ್ ಕೇರ್ ಮಾತ್ರ. ಅದರ ಬೆಲೆ ಇರುವುದು ಉಪನ್ಯಾಸಗಳಲ್ಲಲ್ಲ. ಇಡೀ ವರ್ಷ ಪ್ರತಿ ಬೆಳಿಗ್ಗೆ ಒಬ್ಬ ಹಿರಿಯರು ಎದುರು ನಿಂತು "ಯಾಕೆ?" ಎಂದು ಕೇಳುತ್ತಾರಲ್ಲ, ಅದರಲ್ಲಿ.

ನೀವು ಹೇಳಿದ ಪರೀಕ್ಷೆ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್‌ನದು. ಕ್ರಿಟಿಕಲ್ ಕೇರ್ ಅನ್ನು ಅವರು ಪ್ರತ್ಯೇಕ ವಿಶೇಷ ಶಾಖೆಯಾಗಿ ಒಪ್ಪಿದ್ದು 2013ರಲ್ಲಿ, ಮೊದಲ ಪರೀಕ್ಷೆ ನಡೆದದ್ದು 2015ರಲ್ಲಿ. ಎರಡನೇ ವರ್ಷದ ರೆಸಿಡೆನ್ಸಿ ಮುಗಿಸಿರಬೇಕು, ಅಥವಾ ಮೊದಲ ವರ್ಷದ ರೆಸಿಡೆನ್ಸಿಯ ಮೇಲೆ ಎರಡು ವರ್ಷದ ಅನುಭವ ಇರಬೇಕು, ಎರಡೂ ಇಲ್ಲದವರು ನಾಲ್ಕು ವರ್ಷ ತಮ್ಮ ಕೆಲಸದ ಅರ್ಧದಷ್ಟನ್ನಾದರೂ ಐಸಿಯುನಲ್ಲಿ ಕಳೆದಿರಬೇಕು. ನಿಮಗೆ ಎರಡು ತಿಂಗಳಾಗಿದೆ. ಅದು ಸದ್ಯಕ್ಕೆ ನಿಮ್ಮ ಬಾಗಿಲಲ್ಲ. ಆನ್‌ಲೈನ್ ಕೋರ್ಸ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಬಳಿ ಹನ್ನೊಂದು ಪ್ರಮಾಣಪತ್ರಗಳಿವೆ, ಕೆಲಸಕ್ಕೆ ಬಂದದ್ದು ಎರಡು.

ನಾನು ಕಲಿತದ್ದು ಒಂದು ತಿಂಗಳಿಗೆ ಒಂದು ಅಂಗ ಎಂಬ ಲೆಕ್ಕದಲ್ಲಿ. ಮೊದಲು ಮೂತ್ರಪಿಂಡ. ಆ ತಿಂಗಳು ಅಪಘಾತದಲ್ಲಿ ಗಾಯಗೊಂಡ ಯುವಕನೊಬ್ಬ ಬಂದಿದ್ದ. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ, 0.5. ವಾಹ್, ಕಿಡ್ನಿ ಚೆನ್ನಾಗಿದೆ ಎಂದು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎಂಬ ಆ್ಯಂಟಿಬಯಾಟಿಕ್‌ನ ಮಾಮೂಲಿ ಡೋಸ್‌ಗೆ ತಲೆಯಾಡಿಸಿದೆ. ನಾಲ್ಕು ದಿನವಾದರೂ ಜ್ವರ ಇಳಿಯಲಿಲ್ಲ. ಕೊನೆಗೆ ಎಂಟು ಗಂಟೆಯ ಮೂತ್ರ ಹಿಡಿದು ಅಳೆದರೆ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತ ಶುಚಿಮಾಡುವ ವೇಗ, ನಿಮಿಷಕ್ಕೆ 190 ಮಿಲಿಲೀಟರ್! 130 ದಾಟಿದರೆ ಮೂತ್ರಪಿಂಡ ಮಿತಿಮೀರಿ ದುಡಿಯುತ್ತಿದೆ ಎಂದೇ ತಿಳಿಯಬೇಕು. ನಾವು ಹಾಕಿದ ಔಷಧವನ್ನು ಅವನ ಮೂತ್ರಪಿಂಡ ಬಂದಷ್ಟೇ ವೇಗದಲ್ಲಿ ಹೊರಹಾಕುತ್ತಿತ್ತು. ಡೋಸ್ ಏರಿಸಿ, ಒಂದೊಂದು ಡೋಸನ್ನು ನಾಲ್ಕು ಗಂಟೆ ಎಳೆದು ಹನಿಸಲು ಹೇಳಿದೆವು. ಅಲ್ಲಿಯವರೆಗೆ "ಕಿಡ್ನಿಗೆ ತಕ್ಕಂತೆ ಡೋಸ್" ಎಂದರೆ ಕಡಿಮೆ ಮಾಡುವುದು ಎಂದೇ ನಂಬಿಕೊಂಡಿದ್ದೆ.

ಅದೇ ತಿಂಗಳು ನಿರಂತರ ಡಯಾಲಿಸಿಸ್ ಕೂಡ. ಪಟ್ಟಿ ನೋಡಿ ಡೋಸ್ ಬರೆಯುವುದು ಸುಲಭ. ಆ ಪಟ್ಟಿ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ ಎಂದುಕೊಂಡು ಬರೆದದ್ದು. ಫಿಲ್ಟರ್ ಹೆಪ್ಪುಗಟ್ಟಿ ರಾತ್ರಿ ಆರು ಗಂಟೆ ನಿಂತಿದ್ದರೆ? ಅದು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ, ಸಿಸ್ಟರ್ ಅವರನ್ನೇ ಕೇಳಬೇಕು.

ಇನ್ನೊಂದು. ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ನೀವು ಕೊಟ್ಟ ಸಲಹೆ, ಬಲಪುಟದಲ್ಲಿ 48 ಗಂಟೆಯ ಬಳಿಕ ಏನಾಯಿತು ಎಂಬುದು. ಆಡಳಿತಕ್ಕೆ ಬೇಕಾದದ್ದು ಎಷ್ಟು ಸಲಹೆ ಎಂಬ ಎಣಿಕೆ, ಅದನ್ನು ಬೇರೆ ಕಡೆ ಬರೆದುಕೊಡಿ. ನನ್ನ ಒಂದು ಬಲಪುಟದಲ್ಲಿ ಹೀಗಿದೆ: "ವ್ಯಾಲ್ಪ್ರೋಯೇಟ್ ಮೇಲೆ ಮೆರೋಪೆನೆಮ್ ಶುರು. ಎಚ್ಚರಿಸಲಿಲ್ಲ. ವ್ಯಾಲ್ಪ್ರೋಯೇಟ್ ಮಟ್ಟ ಪಾತಾಳಕ್ಕೆ. ಮತ್ತೆ ಫಿಟ್ಸ್." ಮೆರೋಪೆನೆಮ್ ಎಂಬ ಆ್ಯಂಟಿಬಯಾಟಿಕ್ ಇಳಿಸಿದ ವ್ಯಾಲ್ಪ್ರೋಯೇಟ್ ಮಟ್ಟವನ್ನು ಡೋಸ್ ಏರಿಸಿ ಮೇಲೆತ್ತಲು ಆಗುವುದಿಲ್ಲ, ಎರಡರಲ್ಲಿ ಒಂದನ್ನು ಬದಲಿಸಬೇಕು. ಇದನ್ನು ಯಾವ ಕೋರ್ಸೂ ನನಗೆ ಇಷ್ಟು ಗಟ್ಟಿಯಾಗಿ ಕಲಿಸಲಿಲ್ಲ.

ರೌಂಡ್ಸ್‌ನಲ್ಲಿ ಯಾಕೆ ಅಷ್ಟು ಹೊತ್ತು ನಿಲ್ಲುತ್ತೀರಿ ಎಂದು ಯಾರಾದರೂ ಕೇಳಿದರೆ 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಅಧ್ಯಯನ ತೋರಿಸಿ. ರೌಂಡ್ಸ್‌ಗೆ ಹೋದ ಫಾರ್ಮಸಿಸ್ಟ್ 366 ಸಲಹೆ ಕೊಟ್ಟರು, ಡಾಕ್ಟರುಗಳು 362ನ್ನು ಒಪ್ಪಿದರು. ಔಷಧ ಬರೆಯುವಾಗಿನ ತಪ್ಪಿನಿಂದ ಆಗುವ, ತಡೆಯಬಹುದಾದ ಅನಾಹುತಗಳು ಮೂರನೇ ಒಂದು ಭಾಗಕ್ಕೆ ಇಳಿದವು. ಉಳಿದ ನಾಲ್ಕು ಸಲಹೆಗಳು ಏನಿದ್ದವೋ ಎಂಬ ಕುತೂಹಲ ನನಗೆ ಇಂದಿಗೂ ಇದೆ.

ರಾತ್ರಿಪಾಳಿ:

ನಾನು ಐಸಿಯು ನರ್ಸ್. ಆ ಆಲ್ಬುಮಿನ್ ಹೇಳಿದ ಸಿಸ್ಟರ್‌ಗೆ ನನ್ನ ನಮಸ್ಕಾರ ತಿಳಿಸಿ.

ಕೋರ್ಸ್ ಯಾವುದಾದರೂ ಮಾಡಿ, ಅದಕ್ಕೆ ಮೊದಲು ಒಂದು ವಾರ ಒಂದೇ ಹಾಸಿಗೆಯ ಪಕ್ಕ ನಮ್ಮ ಜೊತೆ ನಿಲ್ಲಿ. ರೋಗಿಗೆ ಇರುವುದು ಮೂರು ದಾರಿಯ ಲೈನ್, ಹೋಗಬೇಕಾದ ಔಷಧ ಹನ್ನೊಂದು. ಯಾವುದರ ಜೊತೆ ಯಾವುದು ಹೋಗಬಹುದು ಎಂದು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ "ಪುಸ್ತಕ ನೋಡಿ ಹೇಳುತ್ತೇನೆ" ಎನ್ನುವ ಫಾರ್ಮಸಿಸ್ಟ್‌ಗಳನ್ನು ಬಹಳ ನೋಡಿದ್ದೇನೆ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಹೋಗುತ್ತಿರುವ ಲೈನಿಗೇ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಜೋಡಿಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ಸೇರಿ ಗಸಿ ಕಟ್ಟುತ್ತದೆ. ಇದು ನಿಮಗೆ ಬಾಯಿಪಾಠ ಇರಬಹುದು. ಲೈನ್ ಖಾಲಿ ಇಲ್ಲದಾಗ ಯಾವ ಔಷಧ ಅರ್ಧ ಗಂಟೆ ಕಾಯಬಹುದು, ಯಾವುದು ಕಾಯಬಾರದು ಎಂದು ಹೇಳಿ, ನಮಗೆ ಬೇಕಾದದ್ದು ಅದು.

ಬಿಪಿ ಎತ್ತಿಹಿಡಿಯುವ ನಾರ್ ಅಡ್ರಿನಲಿನ್‌ನ ಸಿರಿಂಜ್ ಬದಲಿಸುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಹೊಸ ಸಿರಿಂಜ್ ಹಾಕಿ ಪಂಪ್ ತಳ್ಳಲು ತೊಡಗುವಷ್ಟರಲ್ಲಿ ಬಿಪಿ ಜಾರುವುದನ್ನು ನೋಡಿದರೆ, ಸಾಂದ್ರತೆ ಎಷ್ಟಿರಬೇಕು ಎಂಬ ನಮ್ಮ ಜಗಳ ನಿಮಗೆ ಅರ್ಥವಾದೀತು.

ಮೂಗಿನ ನಳಿಕೆಯಿಂದ ಕೊಡಿ ಎಂದು ನಿಧಾನವಾಗಿ ಕರಗುವ ಮಾತ್ರೆಯನ್ನು ಬರೆದು ಕಳುಹಿಸುತ್ತಾರೆ. ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಒಳಗೆ ಹೋಗುತ್ತದೆ. ಆ ಆದೇಶ ಔಷಧ ವಿಭಾಗವನ್ನು ದಾಟಿಯೇ ನಮ್ಮ ಕೈಗೆ ಬರುವುದು ಎಂಬುದನ್ನು ಮರೆಯಬೇಡಿ.

ಅರೆಬೆಳಕು:

ಹನಿಲೆಕ್ಕ ಅವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಪ್ರತಿ ಬೆಳಿಗ್ಗೆ "ಯಾಕೆ?" ಎಂದು ಕೇಳುವ ಹಿರಿಯರು ಇರುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ನಮ್ಮದು ಎಂಟು ಹಾಸಿಗೆಯ ಐಸಿಯು, ಫಾರ್ಮಸಿಸ್ಟ್ ನಾನೊಬ್ಬನೇ. ನನಗೆ ಪರೀಕ್ಷೆಯ ಪಠ್ಯಕ್ರಮವೇ ಗುರು. ಅರ್ಹತೆಯ ವರ್ಷಗಳು ತುಂಬುವ ಮೊದಲೇ ಅದನ್ನು ಮುಂದಿಟ್ಟುಕೊಂಡು ಓದಲು ತೊಡಗಿದೆ. ಏನು ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದವನಿಗೆ ಒಂದು ಪಟ್ಟಿ ಸಿಕ್ಕಿತು. ಸಂಖ್ಯಾಶಾಸ್ತ್ರದ ಭಾಗ ಓದುವಾಗ ಶಪಿಸಿದ್ದು ನಿಜ.

ಆ ಓದು ಒಬ್ಬ ರೋಗಿಯನ್ನಂತೂ ಕಾಪಾಡಿತು. ಬೇರೆ ಆಸ್ಪತ್ರೆಯಿಂದ ಬಂದ ರೋಗಿಯ ಹಾಳೆಯಲ್ಲಿ ಆ್ಯಂಟಿಬಯಾಟಿಕ್ ಜಾಗದಲ್ಲಿ "ಕೊಲಿಸ್ಟಿನ್ 150 ಮಿ.ಗ್ರಾಂ" ಎಂದಿತ್ತು. ಯಾವ 150? ಹತ್ತು ಲಕ್ಷ ಯೂನಿಟ್ ಎಂದರೆ ಔಷಧದ ಲವಣದ ಲೆಕ್ಕದಲ್ಲಿ ಸುಮಾರು 80 ಮಿ.ಗ್ರಾಂ, ಕೊಲಿಸ್ಟಿನ್ ಬೇಸ್ (ಲವಣ ಬಿಟ್ಟ ಮೂಲ ಔಷಧ) ಲೆಕ್ಕದಲ್ಲಿ ಸುಮಾರು 33. ಒಂದು ಲೆಕ್ಕ ಹಿಡಿದರೆ ಆ 150 ಎಂದರೆ 19 ಲಕ್ಷ ಯೂನಿಟ್ ಕೂಡ ಇಲ್ಲ, ಇನ್ನೊಂದು ಹಿಡಿದರೆ 45 ಲಕ್ಷ. ಕಳುಹಿಸಿದವರಿಗೆ ಫೋನ್ ಮಾಡಿ ಕೇಳಿದೆ. ಅವರು ಬೇಸ್ ಲೆಕ್ಕದಲ್ಲಿ ಬರೆದಿದ್ದರು, ನಮ್ಮಲ್ಲಿದ್ದ ಸೀಸೆಯ ಮೇಲೆ ಲವಣದ ಲೆಕ್ಕವಿತ್ತು. ಓದದೇ ಇದ್ದಿದ್ದರೆ ಸೀಸೆ ನೋಡಿ 150 ಅಳೆದು ಕಳುಹಿಸಿ, ಸೋಂಕು ಯಾಕೆ ಬಗ್ಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

ಹನಿಲೆಕ್ಕ:

ಒಪ್ಪಿದೆ. ಪಠ್ಯಕ್ರಮವನ್ನು ಈಗಲೇ ಇಳಿಸಿಕೊಳ್ಳಿ, ಪರೀಕ್ಷೆಗೆ ಆಮೇಲೆ ಕುಳಿತುಕೊಳ್ಳಿ. ಒಂಟಿಯಾಗಿರುವವರು ವಾರಕ್ಕೊಮ್ಮೆ ಒಬ್ಬ ಹಿರಿಯರ ಜೊತೆ ಫೋನಿನಲ್ಲಾದರೂ ಎರಡು ರೋಗಿಗಳ ಬಗ್ಗೆ ಮಾತಾಡುವ ಏರ್ಪಾಡು ಮಾಡಿಕೊಳ್ಳಿ. ಕೊಲಿಸ್ಟಿನ್ ಕಥೆಗೆ ನನ್ನಲ್ಲಿ ಉತ್ತರವಿಲ್ಲ, ನಾನೂ ಒಮ್ಮೆ ಅದರಲ್ಲಿ ಬಿದ್ದಿದ್ದೇನೆ.

ಮಾತ್ರೆಡಬ್ಬಿ:

ಮೂರು ವಾರವಾಯಿತು, ಸುದ್ದಿ ಹೇಳಲು ಬಂದೆ. ರೆಸಿಡೆನ್ಸಿ ಈ ವರ್ಷ ಬೇಡ ಎಂದು ತೀರ್ಮಾನಿಸಿದೆ. ಪಠ್ಯಕ್ರಮವನ್ನು ಗೋಡೆಗೆ ಅಂಟಿಸಿದ್ದೇನೆ. ಆಲ್ಬುಮಿನ್ ಸಿಸ್ಟರ್ ಅವರನ್ನೇ ಕೇಳಿ ಒಂದು ವಾರ ಅವರ ಹಾಸಿಗೆಯ ಪಕ್ಕ ನಿಂತೆ. ಎರಡು ದಿನ ನನ್ನನ್ನು ಗೋಡೆಯಂತೆ ಕಂಡರು. ಮೂರನೇ ದಿನ ಪಂಪ್ ಕೈಗೆ ಕೊಟ್ಟರು.

ನೋಟ್‌ಬುಕ್‌ನಲ್ಲಿ ಹದಿನೇಳು ಎಡಪುಟಗಳಾಗಿವೆ. ಬಲಪುಟದಲ್ಲಿ ನಾಲ್ಕು ಕಡೆ "ನನ್ನದು ತಪ್ಪು" ಎಂದಿದೆ. ಒಂದು ಕಡೆ ಪ್ರಶ್ನೆ ಚಿಹ್ನೆ ಇದೆ, ಅದನ್ನು ನಿಮ್ಮ ಮುಂದೆ ಇಡುತ್ತೇನೆ. ನಿದ್ರೆ ಬರಿಸುವ ಪ್ರೊಪೊಫಾಲ್ ಗಂಟೆಗೆ 20 ಮಿಲಿಲೀಟರಿನಂತೆ ಹೋಗುತ್ತಿರುವ ರೋಗಿ. ಅದು ಕೊಬ್ಬಿನ ದ್ರಾವಣ, ಮಿಲಿಲೀಟರಿಗೆ 1.1 ಕ್ಯಾಲೊರಿ. ದಿನಕ್ಕೆ 528 ಕ್ಯಾಲೊರಿ ಯಾರ ಲೆಕ್ಕಕ್ಕೂ ಸಿಗದೆ ಒಳಗೆ ಹೋಗುತ್ತಿತ್ತು. ಹೇಳಿದೆ, ಆಹಾರ ತಜ್ಞರು ಒಪ್ಪಿ ನಳಿಕೆಯ ಆಹಾರವನ್ನು ಅಷ್ಟರಮಟ್ಟಿಗೆ ತಗ್ಗಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ. 48 ಗಂಟೆಯ ಬಳಿಕ ನೋಡಿದರೆ ಆಹಾರದ ಜೊತೆ ಪ್ರೋಟೀನ್ ಕೂಡ ತಗ್ಗಿದೆ, ಬೇಕಾದದ್ದರ ಅರ್ಧವೂ ಸಿಗುತ್ತಿಲ್ಲ. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ ಬೇರೆ ಏರುತ್ತಿದೆ. ಪ್ರೋಟೀನ್ ಪುಡಿಯನ್ನು ಬೇರೆಯಾಗಿ ಸೇರಿಸಿ ಎನ್ನಲೋ, ನಿದ್ರೆಯ ಔಷಧವನ್ನೇ ಬದಲಿಸಿ ಎನ್ನಲೋ? ನಾಳೆ ಎಂಟು ಗಂಟೆಗೆ ರೌಂಡ್ಸ್ ಇದೆ.

ರಾತ್ರಿಪಾಳಿ:

ಮೊದಲು ರೋಗಿ ಎಷ್ಟು ಆಳದ ನಿದ್ರೆಯಲ್ಲಿದ್ದಾರೆ ಹೇಳಿ. ನಿದ್ರೆಯ ಆಳ ಅಳೆಯುವ ರಾಸ್ ಅಂಕ ಎಷ್ಟು? ತೀರಾ ಆಳನಿದ್ರೆಯ ಮೈನಸ್ ನಾಲ್ಕು ಇದ್ದರೆ 20 ಮಿಲಿಲೀಟರ್ ಯಾಕೆ ಬೇಕು?

ಮಾತ್ರೆಡಬ್ಬಿ:

ನೋಡಲಿಲ್ಲ. ಈಗಲೇ ಹೋಗಿ ನೋಡಿ ಬರುತ್ತೇನೆ.